ಕರೆಂಟು ಹೋದಾಗ ಮೊದಲ ಫೋನ್ ಯಾರಿಗೆ?

ವಿದ್ಯುತ್ ಜಾಲದ ಕಂಪ್ಯೂಟರುಗಳ ಮೇಲೆ ವೈರಿ ದೇಶವೊಂದು ದಾಳಿ ಮಾಡಿದರೆ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕೆಂದು ನಮ್ಮ ಸರ್ಕಾರಗಳು ಬರೆದಿಟ್ಟುಕೊಂಡಿವೆಯೇ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಕೃತಕ ಬುದ್ಧಿಮತ್ತೆ (ಎಐ) ಬಂದ ಮೇಲೆ ಆ ಒಂದು ಗಂಟೆಯೂ ನಮ್ಮ ಕೈಯಲ್ಲಿ ಉಳಿಯುವುದು ಕಷ್ಟ ಎಂದೂ ಸೇರಿಸಿದ್ದೆ. ಎರಡೇ ಸಾಲು. ಅದಕ್ಕೆ ಬಂದ ಪತ್ರಗಳನ್ನು ನೋಡಿ ಸಂಪಾದಕರು ಈ ಬಾರಿ ಮೀಟರ್, ಬಿಲ್ಲು, ಸೋಲಾರ್ ಹೀಟರುಗಳ ತಕರಾರುಗಳಿಗೆ ರಜೆ ಕೊಡಿ ಎಂದರು. ರಾಜ್ಯದ ವಿದ್ಯುತ್ ಜಾಲವನ್ನು ಹತೋಟಿಯಲ್ಲಿಡುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಹಗಲು ಪಾಳಿ, ರಾತ್ರಿ ಪಾಳಿ ಮಾಡಿಕೊಂಡು ನಿವೃತ್ತಳಾದವಳು ನಾನು. ಯುದ್ಧತಂತ್ರ ನನ್ನ ವಿಷಯವಲ್ಲ. ಆದರೆ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ತೀರ್ಮಾನ ತೆಗೆದುಕೊಳ್ಳುವುದು ನಮ್ಮ ನಿತ್ಯದ ಕೆಲಸವಾಗಿತ್ತು. ಆ ಅನುಭವದ ಮೇಲೆ ಉತ್ತರಿಸುತ್ತಿದ್ದೇನೆ.

ಟಿವಿಯಲ್ಲಿ ‘ಎಐ ಯುದ್ಧ’ ಎಂದು ಕೆಂಪು ಅಕ್ಷರಗಳಲ್ಲಿ ತೋರಿಸುತ್ತಾರೆ. ನಿಜವಾಗಿ ಆಗುವುದೇನು?
– ನಿವೃತ್ತ ಶಿಕ್ಷಕಿ, ಬಸವನಗುಡಿ

ಟೀಚರ್, ಆ ಕೆಂಪು ಅಕ್ಷರಗಳನ್ನು ಬಿಟ್ಟು 2015ರ ಡಿಸೆಂಬರ್ 23ಕ್ಕೆ ಬನ್ನಿ. ಪಶ್ಚಿಮ ಉಕ್ರೇನಿನ ಒಂದು ವಿದ್ಯುತ್ ವಿತರಣಾ ಕಂಪನಿಯ ನಿಯಂತ್ರಣ ಕೊಠಡಿ. ಪಾಳಿಯಲ್ಲಿದ್ದವನ ಕಣ್ಣೆದುರೇ ಪರದೆಯ ಮೇಲಿನ ಬಾಣದ ಗುರುತು ತಾನಾಗಿ ಓಡಾಡತೊಡಗಿತು. ಒಂದು ಉಪಕೇಂದ್ರದ ಬ್ರೇಕರ್ (ಲೈನಿನ ದೊಡ್ಡ ಸ್ವಿಚ್ಚು; ತೆರೆದರೆ ಕರೆಂಟು ಕಡಿಯುತ್ತದೆ) ತೆರೆಯಿತು, ಆಮೇಲೆ ಇನ್ನೊಂದು. ಅವನು ಮೌಸ್ ಹಿಡಿದು ಎಳೆದಾಡಿದ, ಪ್ರಯೋಜನವಾಗಲಿಲ್ಲ. ಅವನನ್ನು ವ್ಯವಸ್ಥೆಯಿಂದಲೇ ಹೊರಹಾಕಿ ಪಾಸ್‌ವರ್ಡ್ ಬದಲಿಸಿಬಿಟ್ಟಿದ್ದರು. ಮೂರು ಕಂಪನಿಗಳ ಸುಮಾರು 2,25,000 ಗ್ರಾಹಕರಿಗೆ ಕರೆಂಟು ಹೋಯಿತು. ದೂರು ಕೇಳುವ ಫೋನುಗಳಿಗೆ ದಾಳಿಕೋರರೇ ಸುಳ್ಳು ಕರೆಗಳ ಮಳೆ ಸುರಿಸಿದ್ದರಿಂದ ನಿಜವಾದ ಗ್ರಾಹಕರ ಕರೆ ಒಳಗೆ ಬರಲಿಲ್ಲ. ನನಗೆ ಮೈ ಜುಮ್ಮೆನ್ನಿಸಿದ ವಿವರ ಅದೇ. ಬ್ರೇಕರ್ ತೆರೆದವರು ಜನರ ಬಾಯನ್ನೂ ಕಟ್ಟಿದ್ದರು.

ಅವರು ಚೇತರಿಸಿಕೊಂಡ ಬಗೆ ನೋಡಿ. ಸಿಬ್ಬಂದಿ ಗಾಡಿ ಹತ್ತಿ ಉಪಕೇಂದ್ರಗಳಿಗೆ ಹೋಗಿ ಬ್ರೇಕರುಗಳನ್ನು ಕೈಯಿಂದ ಹಾಕಿದರು. ಒಂದರಿಂದ ಆರು ಗಂಟೆಯೊಳಗೆ ಎಲ್ಲೆಡೆ ವಿದ್ಯುತ್ ಬಂತು. ಅವರ ಜಾಲ ಹಳೆಯದು, ಕೈಯಿಂದ ನಡೆಸುವ ಅಭ್ಯಾಸ ಅವರಿಗೆ ಇನ್ನೂ ಇತ್ತು.

ಆ ದಾಳಿ ಮಾಡಿದವರು ಆರು ತಿಂಗಳಿಗೂ ಹೆಚ್ಚು ಕಾಲ ಒಳಗೆ ಕುಳಿತು, ಯಾವ ಕಂಪ್ಯೂಟರ್ ಎಲ್ಲಿದೆ, ಯಾರ ಪಾಸ್‌ವರ್ಡ್ ಯಾವುದು ಎಂದು ಹುಡುಕಿದ್ದರು. ಎಐ ಬದಲಿಸುವುದು ಈ ಆರು ತಿಂಗಳನ್ನು. 2025ರ ನವೆಂಬರಿನಲ್ಲಿ ಆಂಥ್ರೊಪಿಕ್ ಎಂಬ ಅಮೆರಿಕದ ಎಐ ಕಂಪನಿ ಒಂದು ವರದಿ ಹೊರಡಿಸಿತು. ಚೀನಾ ಸರ್ಕಾರದ ಬೆಂಬಲವಿದೆ ಎಂದು ಆ ಕಂಪನಿ ಹೇಳುವ ತಂಡವೊಂದು ಅದರದೇ ಎಐ ಉಪಕರಣವನ್ನು ಬಳಸಿ ಜಗತ್ತಿನ ಸುಮಾರು 30 ಸಂಸ್ಥೆಗಳೊಳಗೆ ನುಗ್ಗಲು ನೋಡಿತು, ಕೆಲವು ಕಡೆ ನುಗ್ಗಿಯೂಬಿಟ್ಟಿತು. ಕೆಲಸದ ಶೇ 80ರಿಂದ 90ರಷ್ಟನ್ನು ಯಂತ್ರವೇ ಮಾಡಿತು ಎಂಬುದು ಕಂಪನಿಯ ಅಂದಾಜು. ನಡುನಡುವೆ ಅದು ಸಿಗದ ಪಾಸ್‌ವರ್ಡುಗಳನ್ನೂ ಸಿಕ್ಕಿದವೆಂದು ವರದಿ ಒಪ್ಪಿಸುತ್ತಿತ್ತಂತೆ. ಕೆಲಸ ಆಗದಿದ್ದರೂ ಆಯಿತೆಂದು ಬರೆಯುವವರನ್ನು ಸರ್ಕಾರಿ ಕಚೇರಿಗಳಲ್ಲಿ ನಾವೂ ಕಂಡಿದ್ದೇವೆ, ಹಾಗಾಗಿ ನನಗೆ ಆಶ್ಚರ್ಯವಾಗಲಿಲ್ಲ.

ನಾನು ನೆಲಮಂಗಲ ಕಡೆಯ ಒಂದು ಉಪಕೇಂದ್ರದಲ್ಲಿ ಆಪರೇಟರ್. ಮೇಲಧಿಕಾರಿಯ ದನಿಯಲ್ಲೇ ಫೋನ್ ಬಂದು ‘ಆ ಫೀಡರ್ ತೆಗಿ’ (ಆ ಲೈನಿನ ಕರೆಂಟು ಕಡಿ) ಎಂದರೆ ನಾನೇನು ಮಾಡಬೇಕು ಮೇಡಂ?
– ಹೆಸರು ಬೇಡ ಎಂದವರು

ತಮ್ಮಾ, ಬಂದ ಪತ್ರಗಳಲ್ಲೆಲ್ಲ ಅತ್ಯಂತ ಜಾಣ ಪ್ರಶ್ನೆ ನಿನ್ನದು. ದನಿಯನ್ನು ನಂಬುವ ಕಾಲ ಮುಗಿಯಿತು, ಮುಖವನ್ನು ನಂಬುವ ಕಾಲವೂ ಮುಗಿಯಿತು. 2024ರ ಆರಂಭದಲ್ಲಿ ಹಾಂಗ್‌ಕಾಂಗಿನಲ್ಲಿ ಒಬ್ಬ ಉದ್ಯೋಗಿ ವಿಡಿಯೊ ಸಭೆಯಲ್ಲಿ ತನ್ನ ಮೇಲಧಿಕಾರಿಗಳನ್ನೇ ಕಂಡು, ಅವರು ಹೇಳಿದಂತೆ ಸುಮಾರು 2.5 ಕೋಟಿ ಡಾಲರ್ ಕಳುಹಿಸಿಬಿಟ್ಟ. ಆ ಸಭೆಯಲ್ಲಿದ್ದ ಮುಖಗಳೆಲ್ಲ ಎಐ ಕಟ್ಟಿದವು.

ಆದರೆ ನಮ್ಮ ವೃತ್ತಿಗೆ ಇದರ ಮದ್ದು ಹಿಂದಿನಿಂದಲೂ ಗೊತ್ತಿದೆ. ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನಿನ ಮೇಲೆ ಕೆಲಸ ಮಾಡಲು ಅನುಮತಿ) ಕೊಡುವಾಗ ನೀನು ಏನು ಮಾಡುತ್ತೀಯೆ? ಹೇಳಿದವರ ಹೆಸರು, ಹುದ್ದೆ, ಗಂಟೆ, ನಿಮಿಷ, ಕೋಡ್ ಸಂಖ್ಯೆ, ಎಲ್ಲವನ್ನೂ ಲಾಗ್‌ಬುಕ್ಕಿನಲ್ಲಿ ಬರೆಯುತ್ತೀಯೆ. ಬರೆದದ್ದನ್ನು ಅವರಿಗೆ ತಿರುಗಿ ಓದಿ ಹೇಳುತ್ತೀಯೆ. ಕೋಡ್ ಇಲ್ಲದೆ ಹ್ಯಾಂಡಲ್ ಮುಟ್ಟುವುದಿಲ್ಲ. ಆ ಶಿಸ್ತು ಬಂದದ್ದು ತಂತಿಯ ಮೇಲಿರುವ ಲೈನ್‌ಮನ್ನನ ಜೀವ ಉಳಿಸಲು. ಈಗ ಅದೇ ಶಿಸ್ತು ಊರನ್ನೂ ಉಳಿಸುತ್ತದೆ. ಅನುಮಾನ ಬಂದರೆ ಫೋನ್ ಇಟ್ಟುಬಿಡು. ನಿನಗೆ ಬಂದ ನಂಬರಿಗೆ ಮರಳಿ ಮಾಡಬೇಡ, ಗೋಡೆಯ ಮೇಲಿನ ಪಟ್ಟಿಯ ನಂಬರಿಗೆ ನೀನೇ ಮಾಡು. ನಿನ್ನ ಉಪಕೇಂದ್ರದಲ್ಲಿ ಪಿಎಲ್‌ಸಿಸಿ ಫೋನ್ ಇನ್ನೂ ಜೀವಂತವಿದ್ದರೆ ಅದರಲ್ಲಿ ಮಾಡು. (ಓದುಗರಿಗೆ: ಇದು ಹೈಟೆನ್ಷನ್ ತಂತಿಯ ಮೇಲೆಯೇ ಮಾತು ಸಾಗಿಸುವ ಹಳೆಯ ಏರ್ಪಾಡು. ಮೊಬೈಲ್ ಕಂಪನಿಯ ಹಂಗಿಲ್ಲ, ಇಂಟರ್ನೆಟ್ಟಿನ ಹಂಗೂ ಇಲ್ಲ.) ಸಾಹೇಬರು ಬೈದರೆ ಬೈಯಲಿ.

ನನ್ನ ಪ್ರಕಾರ ಇದೇ ಪಾಠ ವಿಧಾನಸೌಧಕ್ಕೂ ಬೇಕು. ಮಧ್ಯರಾತ್ರಿ ಮುಖ್ಯಮಂತ್ರಿಯವರ ಮುಖ, ದನಿ ಎರಡೂ ಇರುವ ವಿಡಿಯೊ ಕರೆ ಮುಖ್ಯ ಕಾರ್ಯದರ್ಶಿಗೆ ಬಂದರೆ ಅವರು ಕೇಳಬೇಕಾದ ಕೋಡ್ ಯಾವುದು? ಉಪಕೇಂದ್ರದ ಆಪರೇಟರ್ ಪಾಲಿಸುವ ನಿಯಮವನ್ನು ಐಎಎಸ್ ಅಧಿಕಾರಿಗಳು ಪಾಲಿಸಿದರೆ ಮರ್ಯಾದೆಗೇನೂ ಕುಂದಿಲ್ಲ.

ಮೇಡಂ, ಇದೆಲ್ಲ ಸುಮ್ಮನೆ ಹೆದರಿಸುವ ಮಾತು. ನಮ್ಮಂಥವರಿಗೆ ಏನೂ ಆಗುವುದಿಲ್ಲ.
– ಸಾರಿಗೆ ಉದ್ಯಮಿ, ಯಶವಂತಪುರ

2017ರ ಜೂನ್ 27ರಂದು ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಮೂಲಕ ‘ನಾಟ್‌ಪೆಟ್ಯ’ ಎಂಬ ವಿನಾಶಕ ತಂತ್ರಾಂಶವನ್ನು ಬಿಟ್ಟರು. ಅಮೆರಿಕ, ಬ್ರಿಟನ್ ಸರ್ಕಾರಗಳು ರಷ್ಯಾದ ಸೇನೆಯತ್ತ ಬೆರಳು ತೋರಿಸಿದವು. ಗುರಿ ಉಕ್ರೇನ್. ಆದರೆ ಅದೇ ವಾರ ನವಿ ಮುಂಬೈಯ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ ಕೆಲಸ ನಿಲ್ಲಿಸಿತು, ಅದನ್ನು ನಡೆಸುತ್ತಿದ್ದ ಮೇರ್ಸ್ಕ್ ಎಂಬ ಹಡಗು ಸಾಗಣೆ ಸಮೂಹದ ಕಂಪ್ಯೂಟರುಗಳು ಸತ್ತಿದ್ದರಿಂದ. ನಿಮ್ಮ ಲಾರಿಗಳು ಆ ಬಂದರಿಗೆ ಹೋಗುತ್ತವೆ ಎಂದು ಪತ್ರದಲ್ಲಿ ನೀವೇ ಬರೆದಿದ್ದೀರಿ.

ಯಂತ್ರದ ವೇಗಕ್ಕೆ ಯಂತ್ರವೇ ಉತ್ತರ ಅಲ್ಲವೇ? ಪ್ರತಿದಾಳಿಯನ್ನೂ ಎಐಗೆ ಒಪ್ಪಿಸಿದರೆ ಏನು ತಪ್ಪು?
– ಸಾಫ್ಟ್‌ವೇರ್ ಉದ್ಯೋಗಿ, ಯಲಹಂಕ

ಅರ್ಧ ಒಪ್ಪುತ್ತೇನೆ. ವಿದ್ಯುತ್ ಜಾಲದಲ್ಲಿ ರಿಲೇ ಎಂಬ ಸಾಧನವಿದೆ. ಲೈನಿನಲ್ಲಿ ದೋಷ ಕಂಡರೆ ಮಿಲಿಸೆಕೆಂಡುಗಳಲ್ಲಿ ಬ್ರೇಕರಿಗೆ ಹೇಳಿ ಲೈನನ್ನು ಬೇರ್ಪಡಿಸುತ್ತದೆ. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ಕೇಳುತ್ತಾ ಕುಳಿತರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಸೈಬರ್ ರಕ್ಷಣೆಯಲ್ಲೂ ಹಾಗೇ ಆಗಬೇಕು. ಸೋಂಕು ತಗುಲಿದ ಕಂಪ್ಯೂಟರನ್ನು ಬೇರ್ಪಡಿಸುವುದು, ಅನುಮಾನದ ಸಂಪರ್ಕ ಕಡಿಯುವುದು, ತಂತ್ರಾಂಶದ ತೂತು ಹುಡುಕಿ ಮುಚ್ಚುವುದು, ಇಷ್ಟನ್ನು ಎಐಗೆ ಧಾರಾಳವಾಗಿ ಬಿಡಿ. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ ಎರಡು ವರ್ಷ ಸ್ಪರ್ಧೆ ನಡೆಸಿ 2025ರ ಆಗಸ್ಟಿನಲ್ಲಿ ಬಹುಮಾನ ಕೊಟ್ಟದ್ದು ಇಂಥ ಕೆಲಸಕ್ಕೇ.

ಆದರೆ ಗಮನಿಸಿ, ರಿಲೇ ತನ್ನ ಲೈನನ್ನು ಬಿಡಿಸುತ್ತದೆ, ಪಕ್ಕದ ರಾಜ್ಯದ ಜಾಲವನ್ನು ಹೊಡೆಯಲು ಹೋಗುವುದಿಲ್ಲ. ಆ ಗಡಿ ದಾಟಿದರೆ ಏನಾಗಬಹುದೆಂದು ಊಹಿಸಲು ನನಗೆ 2012ರ ಜುಲೈ 30 ಸಾಕು. ನಸುಕಿನ ಎರಡೂವರೆಯ ಹೊತ್ತು. ಮಧ್ಯಪ್ರದೇಶದ ಬೀನಾದಿಂದ ಗ್ವಾಲಿಯರಿಗೆ ಹೋಗುವ 400 ಕಿಲೊವೋಲ್ಟ್ ಲೈನ್ ವಿಪರೀತ ಭಾರ ಹೊತ್ತಿತ್ತು. ಅಲ್ಲಿನ ರಿಲೇ ಆ ಭಾರವನ್ನೇ ದೋಷವೆಂದು ಓದಿಕೊಂಡಿತು. ತಂತಿ ಕಡಿದಿರಲಿಲ್ಲ, ಮರ ಬಿದ್ದಿರಲಿಲ್ಲ. ರಿಲೇ ತನಗೆ ಕೊಟ್ಟಿದ್ದ ನಿಯಮದಂತೆ ಸರಿಯಾಗಿಯೇ ನಡೆದುಕೊಂಡು ಲೈನ್ ತೆಗೆಯಿತು, ಉತ್ತರ ಭಾರತದ ಜಾಲವೇ ಕುಸಿಯಿತು. ಮರುದಿನ ಮಧ್ಯಾಹ್ನ ಮತ್ತೆ ಕುಸಿದು ಪೂರ್ವ, ಈಶಾನ್ಯವನ್ನೂ ಎಳೆದುಕೊಂಡು ಬಿದ್ದಿತು. 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಅದು. ದಕ್ಷಿಣದ ನಾವು ಬಚಾವಾದೆವು. ಆಗ ನಮ್ಮ ಜಾಲ ಉತ್ತರದ ಜೊತೆ ನೇರವಾಗಿ ಬೆಸೆದುಕೊಂಡಿರಲಿಲ್ಲ, ಡಿಸಿ (ಏಕಮುಖ ಪ್ರವಾಹದ) ಲೈನುಗಳ ಮೂಲಕ ಮಾತ್ರ ಕೊಡು-ಕೊಳ್ಳುವಿಕೆ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಚಾಲೂ ಆದ ಮೇಲೆ ಇಡೀ ದೇಶ ಒಂದೇ ಜಾಲವಾಯಿತು. ಲಾಭ ಬಹಳ. ಇನ್ನು ಮೇಲೆ ಕಷ್ಟವೂ ಒಟ್ಟಿಗೇ.

ತನಿಖಾ ಸಮಿತಿ ಸೈಬರ್ ದಾಳಿಯ ಸಾಧ್ಯತೆಯನ್ನೂ ನೋಡಿ ತಳ್ಳಿಹಾಕಿತು. ಆದರೆ ಆ ಬೆಳಗಿನ ಜಾವ ಗಡಿಯಲ್ಲಿ ಉದ್ವಿಗ್ನತೆ ಇದ್ದು, ‘ಜಾಲ ಬಿದ್ದರೆ ಶತ್ರುವಿನ ಜಾಲವನ್ನೂ ಬೀಳಿಸು’ ಎಂದು ಒಂದು ಎಐಗೆ ಮೊದಲೇ ಹೇಳಿಟ್ಟಿದ್ದರೆ? ಬೀನಾದ ಒಂದು ರಿಲೇಯ ತಪ್ಪು ಓದಿಗೆ ಎರಡು ಅಣ್ವಸ್ತ್ರ ದೇಶಗಳು ಕಾದಾಡಬೇಕಿತ್ತು. 2024ರ ನವೆಂಬರಿನಲ್ಲಿ ಪೆರುವಿನ ಲಿಮಾದಲ್ಲಿ ಬೈಡನ್ ಮತ್ತು ಷಿ ಜಿನ್‌ಪಿಂಗ್, ಅಣ್ವಸ್ತ್ರ ಬಳಸುವ ತೀರ್ಮಾನ ಮನುಷ್ಯರ ಕೈಯಲ್ಲೇ ಇರಬೇಕೆಂದು ಒಪ್ಪಿದರು. ಸೈಬರ್ ಪ್ರತಿದಾಳಿಗೆ ಅಂಥ ಒಪ್ಪಂದ ಇನ್ನೂ ಆಗಿಲ್ಲ. ನೀವು ಯಲಹಂಕದಲ್ಲಿ ಕುಳಿತು ಏನು ಬರೆಯುತ್ತೀರೋ ನನಗೆ ತಿಳಿಯದು, ಆದರೆ ಇಂಥದ್ದನ್ನು ಬರೆಯಲು ಯಾರಾದರೂ ಹೇಳಿದರೆ ಎರಡನೆಯ ಸಹಿ ಎಲ್ಲಿ ಎಂದು ಕೇಳಿ.

ದಾಳಿ ಮಾಡಿದವರು ಯಾರೆಂದು ಪತ್ತೆಯಾಗಲು ಎಷ್ಟು ಹೊತ್ತು ಬೇಕು?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ಮೈಸೂರು

ಟಿವಿಯವರಿಗೆ ಹತ್ತು ನಿಮಿಷ, ತಜ್ಞರಿಗೆ ತಿಂಗಳುಗಳು. 2018ರ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯ ದಿನ ದಕ್ಷಿಣ ಕೊರಿಯಾದಲ್ಲಿ ಕ್ರೀಡಾಕೂಟದ ಕಂಪ್ಯೂಟರುಗಳು ನೆಲಕಚ್ಚಿದವು. ಒಳಗೆ ಸಿಕ್ಕಿದ ಸುಳಿವುಗಳು ಉತ್ತರ ಕೊರಿಯಾವನ್ನು ತೋರಿಸುತ್ತಿದ್ದವು. ಆ ಸುಳಿವುಗಳನ್ನು ಬೇಕೆಂದೇ ಇಟ್ಟಿದ್ದರು. 2020ರಲ್ಲಿ ಅಮೆರಿಕ ಆರೋಪಪಟ್ಟಿ ಹಾಕಿದ್ದು ರಷ್ಯಾದ ಸೇನಾ ಗುಪ್ತಚರರ ಮೇಲೆ. ನಮ್ಮಲ್ಲೇ ನೋಡು, 2020ರ ಅಕ್ಟೋಬರ್ 12ರಂದು ಮುಂಬೈಯಲ್ಲಿ ಕರೆಂಟು ಹೋಯಿತು. ಮುಂದಿನ ವರ್ಷ ಮಹಾರಾಷ್ಟ್ರದ ಗೃಹಸಚಿವರು ಸೈಬರ್ ವಿಧ್ವಂಸದ ಶಂಕೆ ಇದೆ ಎಂದರು, ಕೇಂದ್ರದ ವಿದ್ಯುತ್ ಸಚಿವರು ಮನುಷ್ಯರ ತಪ್ಪು ಎಂದರು. ಒಂದೇ ಕತ್ತಲೆಗೆ ಎರಡು ಕಾರಣ!

ನೀನು ಮುಂದೆ ವರದಿಗಾರ್ತಿಯಾದರೆ ಕೇಳಬೇಕಾದ ಪ್ರಶ್ನೆ ‘ಮಾಡಿದ್ದು ಯಾರು?’ ಎಂದಲ್ಲ. ‘ಲಾಗ್‌ಗಳನ್ನು ಉಳಿಸಿಕೊಂಡಿದ್ದೀರಾ?’ ಎಂದು ಕೇಳು. 180 ದಿನಗಳ ಲಾಗ್ (ಕಂಪ್ಯೂಟರು ತಾನೇ ಬರೆದಿಡುವ ದಿನಚರಿ) ಇಟ್ಟುಕೊಳ್ಳಬೇಕೆಂದು, ಘಟನೆ ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರಲ್ಲೇ ಆದೇಶಿಸಿದೆ. ಗಾಬರಿಯಲ್ಲಿ ಎಲ್ಲ ಅಳಿಸಿ ಹೊಸದಾಗಿ ತಂತ್ರಾಂಶ ಹಾಕಿ ‘ಸರಿಹೋಯಿತು’ ಎನ್ನುವವರೇ ಸಾಕ್ಷ್ಯದ ದೊಡ್ಡ ಶತ್ರುಗಳು.

ಯುಪಿಐ ನಿಂತರೆ? ಮನೆಯಲ್ಲಿ ದುಡ್ಡು ಇಟ್ಟುಕೊಳ್ಳಬೇಕೇ?
– ಬಟ್ಟೆ ವ್ಯಾಪಾರಿ, ಚಿಕ್ಕಪೇಟೆ

ಇಟ್ಟುಕೊಳ್ಳಿ, ಚಿಲ್ಲರೆ ನೋಟುಗಳಲ್ಲಿ, ಕೆಲವು ದಿನಗಳ ದಿನಸಿ, ಔಷಧಿಗೆ ಆಗುವಷ್ಟು. 2025ರ ಮಾರ್ಚ್ ಕೊನೆಯಲ್ಲಿ, ಏಪ್ರಿಲಿನಲ್ಲಿ ಯುಪಿಐ ಕೈಕೊಟ್ಟಾಗ ಯಾವ ಶತ್ರುವೂ ಬೇಕಾಗಿರಲಿಲ್ಲ. ಆದರೆ ವಾಟ್ಸ್‌ಆ್ಯಪ್ ನೋಡಿ ಎಟಿಎಂ ಮುಂದೆ ಸಾಲು ನಿಲ್ಲಬೇಡಿ. ಅದೇ ವರ್ಷದ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಕಾಳಗ ನಡೆದಿದ್ದಾಗ, ಎಟಿಎಂಗಳು ಎರಡು-ಮೂರು ದಿನ ಮುಚ್ಚುತ್ತವೆ ಎಂಬ ಸಂದೇಶ ಹರಿದಾಡಿತು, ಸುಳ್ಳೆಂದು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಹೇಳಬೇಕಾಯಿತು. ಬ್ಯಾಂಕಿನ ಕಂಪ್ಯೂಟರಿಗೆ ಕೈಹಾಕದೆಯೂ ಬ್ಯಾಂಕನ್ನು ಬರಿದು ಮಾಡುವ ದಾರಿ ಇದು. ಮೊದಲು ಇಂಥ ಸಂದೇಶಗಳ ಕನ್ನಡ ನೋಡಿದರೇ ಕಳ್ಳತನ ತಿಳಿಯುತ್ತಿತ್ತು. ಈಗ ಎಐ ಚಿಕ್ಕಪೇಟೆಯ ಕನ್ನಡವನ್ನೂ ಧಾರವಾಡದ ಕನ್ನಡವನ್ನೂ ಬೇರೆಬೇರೆಯಾಗಿ ಬರೆದುಕೊಡುತ್ತದೆ.

ಬೆಂಗಳೂರಿನಲ್ಲಿ ಸರ್ಕಾರ ಏನು ಸಿದ್ಧತೆ ಮಾಡಬೇಕು? ಸಮಿತಿ, ಮಂಡಳಿ ಎನ್ನದೆ ನೇರವಾಗಿ ಹೇಳಿ.
– ನಾಗರಿಕ ವೇದಿಕೆಯ ಕಾರ್ಯಕರ್ತ, ಎಚ್‌ಎಸ್‌ಆರ್ ಬಡಾವಣೆ

ಸಮಿತಿ ನಾನೂ ಕೇಳುವುದಿಲ್ಲ. ಸಂಸ್ಥೆಗಳಿಗೆ ಬರವಿಲ್ಲ. ಘಟನೆಗಳಿಗೆ ಸರ್ಟ್-ಇನ್ ಇದೆ, ಅತಿ ಮುಖ್ಯ ಮೂಲಸೌಕರ್ಯಕ್ಕೆ 2014ರಿಂದ ಎನ್‌ಸಿಐಐಪಿಸಿ ಇದೆ, ವಿದ್ಯುತ್ ಕ್ಷೇತ್ರಕ್ಕೆ ಪ್ರತ್ಯೇಕ ತಂಡವಿದೆ, ರಾಜ್ಯ ಪೊಲೀಸರ ಸೈಬರ್ ಘಟಕಗಳಿವೆ, ಸೇನೆಯದು ಬೇರೆ. ರಾತ್ರಿ ಎರಡೂಕಾಲಿಗೆ ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡಿದರೆ ಪಾಳಿಯ ಇಂಜಿನಿಯರ್ ಇವರಲ್ಲಿ ಮೊದಲು ಯಾರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಯಾರಿಗೆ, ಯಾರೂ ಎತ್ತದಿದ್ದರೆ ತಾನೇ ಏನು ಮಾಡಬಹುದು? ಆ ಮೂರನೆಯ ಪ್ರಶ್ನೆಯೇ ಮುಖ್ಯ.

ಇದಕ್ಕೆ ಮಾದರಿ ವಿದ್ಯುತ್ ಕಾಯ್ದೆಯಲ್ಲೇ ಇದೆ. 2003ರ ಕಾಯ್ದೆಯ 33ನೇ ಕಲಮನ್ನು ಓದಿ. ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ ಕೊಟ್ಟ ನಿರ್ದೇಶನವನ್ನು ಉತ್ಪಾದಕರೂ ವಿತರಕರೂ ಪಾಲಿಸಲೇಬೇಕು. ತಕರಾರು ಇದ್ದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಹೋಗಬಹುದು, ಆದರೆ ಆಯೋಗ ತೀರ್ಮಾನಿಸುವ ತನಕ ಪಾಲಿಸುತ್ತಲೇ ಇರಬೇಕು. ಮೊದಲು ಮಾಡು, ಆಮೇಲೆ ಜಗಳ. ಈ ಕಲಮಿನ ಬಲದಿಂದ ಪಾಳಿಯಲ್ಲಿ ಕುಳಿತ ಕಿರಿಯ ಇಂಜಿನಿಯರ್ ಒಬ್ಬಳು ದೊಡ್ಡ ದೊಡ್ಡ ಸ್ಥಾವರದವರಿಗೆ ‘ಉತ್ಪಾದನೆ ಇಳಿಸಿ’ ಎಂದು ಹೇಳಿ ಫೋನ್ ಇಡುತ್ತಾಳೆ, ಅವರು ಇಳಿಸುತ್ತಾರೆ. ನಾನೂ ಹಾಗೆ ಹೇಳಿ ಬೈಸಿಕೊಂಡವಳೇ. ಸೈಬರ್ ಬಿಕ್ಕಟ್ಟಿಗೂ ಅಂಥದೇ ಅಧಿಕಾರ ಕೆಳಗಿನ ಮಟ್ಟಕ್ಕೆ ಮೊದಲೇ ಬರಬೇಕು. ಹೊರಗಿನ ಸಂಪರ್ಕ ಕಡಿಯುವುದು, ಕೈಚಾಲನೆಗೆ ಬರುವುದು, ನೆರೆಯ ವ್ಯವಸ್ಥೆಗಳನ್ನು ಎಚ್ಚರಿಸುವುದು, ಇವು ಪಾಳಿಯವರ ಕೈಯಲ್ಲಿರಲಿ, ಆಮೇಲೆ ತಪ್ಪೆನಿಸಿದರೂ ಅಮಾನತು ಬೇಡ. ದೇಶವೊಂದರ ಹೆಸರು ಹೇಳುವುದು, ಪ್ರತ್ಯುತ್ತರ ಕೊಡುವುದು, ಇವು ದೆಹಲಿಯಲ್ಲೇ ಇರಲಿ, ಅಲ್ಲಿಯೂ ಒಬ್ಬರ ಕೈಯಲ್ಲಿ ಬೇಡ.

ಎರಡನೆಯದು ನೀರು. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೊಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತದಲ್ಲಿ ಪಂಪಾಗಿ. 2024ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಶಕ್ತಿ ಬಂತು. ಆ ಮೂರು ಕಡೆಗಳಲ್ಲಿ ಒಂದರ ಪಂಪು ನಿಂತರೆ ಹಿಂದಿನದೂ ಮುಂದಿನದೂ ನಿಲ್ಲಬೇಕು. ಹಾಗಾಗಿ ಈ ಊರನ್ನು ಬಾಯಾರಿಸಲು ನೀರು ಸರಬರಾಜಿನ ಕಂಪ್ಯೂಟರನ್ನು ಮುಟ್ಟಬೇಕೆಂದೇ ಇಲ್ಲ, ಆ ಪಂಪುಗಳಿಗೆ ಹೋಗುವ ವಿದ್ಯುತ್ ಲೈನು ಸಾಕು. ವಿದ್ಯುತ್ತಿನವರೂ ನೀರಿನವರೂ ಒಂದೇ ಮೇಜಿನ ಸುತ್ತ ಕುಳಿತು ಅಣಕು ಕಾರ್ಯಾಚರಣೆ ಮಾಡಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪಾ ಎಂಬ ಸಣ್ಣ ಊರಿನ ನೀರಿನ ಪಂಪು ಕೇಂದ್ರಕ್ಕೆ 2023ರ ನವೆಂಬರಿನಲ್ಲಿ ಇರಾನ್ ಪರ ತಂಡವೊಂದು ನುಗ್ಗಿತು. ಇಸ್ರೇಲಿನಲ್ಲಿ ತಯಾರಾದ ಒಂದು ನಿಯಂತ್ರಕ ಅಲ್ಲಿತ್ತು ಎಂಬುದಷ್ಟೇ ಆ ಊರಿನ ಅಪರಾಧ. ಸಿಬ್ಬಂದಿ ಕೈಚಾಲನೆಗೆ ಬಂದರು, ನೀರು ನಿಲ್ಲಲಿಲ್ಲ.

ಕೈಚಾಲನೆ ಎಂದು ನಾನು ಪದೇಪದೇ ಹೇಳುವುದಕ್ಕೆ ಕೆಲವರು ನಗುತ್ತಾರೆ. ನಗಲಿ. ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು 2022ರ ನವೆಂಬರಿನಲ್ಲಿ ಹೊಡೆತ ತಿಂದಾಗ ರೋಗಿಗಳ ನೋಂದಣಿ ಎಷ್ಟೋ ದಿನ ಕಾಗದದ ಮೇಲೆ ನಡೆಯಿತು. ಆ ಕಾಗದ ಬರೆಯಬಲ್ಲವರು ಅಲ್ಲಿದ್ದರು. ಹೊಸ ಪೀಳಿಗೆಯ ಉಪಕೇಂದ್ರಗಳಲ್ಲಿ ಆಪರೇಟರುಗಳೇ ಇಲ್ಲ, ದೂರದಿಂದಲೇ ಎಲ್ಲ ನಡೆಯುತ್ತದೆ. ಸಂಬಳ ಉಳಿಯಿತು, ಸರಿ. ಆಪತ್ತಿನ ರಾತ್ರಿ ಆ ಗೇಟಿನ ಬೀಗ ತೆಗೆಯುವವರು ಯಾರು, ಬೀಗದ ಕೈ ಯಾರ ಬಳಿ ಇದೆ, ಆ ಹೊತ್ತಿನಲ್ಲಿ ಸಿಲ್ಕ್‌ಬೋರ್ಡ್ ದಾಟಿ ಅಲ್ಲಿಗೆ ತಲುಪಲು ಎಷ್ಟು ಹೊತ್ತು ಎಂದು ಯಾರಾದರೂ ಗಡಿಯಾರ ಹಿಡಿದು ನೋಡಬೇಕು. ನಿವೃತ್ತರಾದ ನಮ್ಮಂಥವರ ಪಟ್ಟಿ ಇಟ್ಟುಕೊಂಡರೂ ಆದೀತು, ಕರೆದರೆ ಬರುವವರು ಬಹಳ ಜನ ಇದ್ದಾರೆ.

ಮೂರನೆಯದು ಫೋನ್ ಪಟ್ಟಿ. ಕಾಗದದ ಮೇಲೆ, ದೊಡ್ಡ ಅಕ್ಷರಗಳಲ್ಲಿ. ಒಂದು ಕಚೇರಿಯಲ್ಲಿ (ಹೆಸರು ಬೇಡ) ತುರ್ತು ಸಂಪರ್ಕದ ಪಟ್ಟಿಗೆ ಚೆಂದದ ಫ್ರೇಮು ಹಾಕಿಸಿ, ಗಾಜಿನ ಮೇಲೆ ಕುಂಕುಮವನ್ನೂ ಇಟ್ಟಿದ್ದರು. ಮೊದಲ ಹೆಸರು ವರ್ಗವಾಗಿ ಹೋದವರದು, ಎರಡನೆಯ ನಂಬರಿನಲ್ಲಿ ಯಾರದೋ ಮನೆಯ ಮಗು ‘ಹಲೋ’ ಎಂದಿತು. ಪಟ್ಟಿಯನ್ನು ತಿಂಗಳಿಗೊಮ್ಮೆ ಫೋನ್ ಮಾಡಿಯೇ ಪರೀಕ್ಷಿಸಬೇಕು. ಅದಕ್ಕೆ ಎಐ ಬೇಡ, ಒಬ್ಬ ಗುಮಾಸ್ತರು ಸಾಕು.

ಜೊತೆಗೆ, ಜಾಲದಿಂದ ಪೂರ್ತಿ ಬಿಡಿಸಿಟ್ಟ ಒಂದು ಪ್ರತಿ ಎಲ್ಲ ಮುಖ್ಯ ವ್ಯವಸ್ಥೆಗಳಿಗೂ ಇರಬೇಕು. ನಾಟ್‌ಪೆಟ್ಯಕ್ಕೆ ಸಿಕ್ಕ ಮೇರ್ಸ್ಕ್ ಕಂಪನಿಗೆ ಜಗತ್ತಿನ ಎಲ್ಲ ಕಚೇರಿಗಳಲ್ಲೂ ಮುಖ್ಯ ಸರ್ವರುಗಳು ಅಳಿಸಿಹೋಗಿ, ಒಂದೇ ಒಂದು ಪ್ರತಿ ಘಾನಾದಲ್ಲಿ ಉಳಿದಿತ್ತು. ಕಾರಣ, ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಕರೆಂಟು ಹೋದದ್ದಕ್ಕೆ ಯಾರಾದರೂ ನಮ್ಮ ಇಲಾಖೆಯವರಿಗೆ ಧನ್ಯವಾದ ಹೇಳುವ ಸಂದರ್ಭವಿದ್ದರೆ ಇದೊಂದೇ.

ಕೊನೆಗೆ ಮಾತು. ಬಿಕ್ಕಟ್ಟಿನ ಹೊತ್ತಿನಲ್ಲಿ ಸರ್ಕಾರ ಎಲ್ಲಿ, ಎಷ್ಟು ಹೊತ್ತಿಗೊಮ್ಮೆ ಮಾತಾಡುತ್ತದೆ ಎಂದು ಜನಕ್ಕೆ ಈಗಲೇ ಗೊತ್ತಿರಬೇಕು. ನನ್ನ ಆಯ್ಕೆ ಆಕಾಶವಾಣಿ, ಗಂಟೆಗೊಮ್ಮೆ, ಕನ್ನಡದಲ್ಲಿ. ಬೆಂಗಳೂರಿನಲ್ಲಿ ತಮಿಳು, ತೆಲುಗು, ಉರ್ದು, ಹಿಂದಿಯೂ ಬೇಕು. ಸೆಲ್ ಹಾಕಿದ ರೇಡಿಯೊಗೆ ಇಂಟರ್ನೆಟ್ ಬೇಕಿಲ್ಲ. ಹೇಳಲು ಹೊಸ ಸುದ್ದಿ ಇಲ್ಲದಿದ್ದರೆ ‘ಕಾರಣ ಇನ್ನೂ ತಿಳಿದಿಲ್ಲ, ಮುಂದಿನ ಗಂಟೆಗೆ ಮತ್ತೆ ಬರುತ್ತೇವೆ’ ಎಂದೇ ಹೇಳಲಿ. ಸರ್ಕಾರ ಸುಮ್ಮನಿದ್ದ ಗಂಟೆಯಲ್ಲಿ ಸುಳ್ಳು ವಿಡಿಯೊಗಳು ಮಾತಾಡುತ್ತವೆ. 2022ರ ಮಾರ್ಚಿನಲ್ಲಿ ಝೆಲೆನ್‌ಸ್ಕಿ ಶರಣಾಗಿ ಎನ್ನುವ ನಕಲಿ ವಿಡಿಯೊ ಬಂದಾಗ ಉಕ್ರೇನ್ ಬೆದರಲಿಲ್ಲ. ಇಂಥದ್ದು ಬರಲಿದೆ ಎಂದು ಅಲ್ಲಿನ ಸರ್ಕಾರ ಜನಕ್ಕೆ ಮೊದಲೇ ಹೇಳಿತ್ತು.

ವೈರಿಯ ಜೊತೆ ಹಾಟ್‌ಲೈನ್ (ನೇರ ಫೋನ್) ಇರಬೇಕು ಎಂದು ಕೆಲವರು ಹೇಳುತ್ತಾರೆ. ಇದು ದೌರ್ಬಲ್ಯವಲ್ಲವೇ?
– ನಿವೃತ್ತ ಸುಬೇದಾರ್, ಮಡಿಕೇರಿ

ಸುಬೇದಾರ್ ಸಾಹೇಬರೇ, ನೀವು ಗಡಿ ಕಾದವರು, ನನಗಿಂತ ಚೆನ್ನಾಗಿ ಬಲ್ಲಿರಿ. 1971ರಿಂದ ಭಾರತ, ಪಾಕಿಸ್ತಾನ ಎರಡೂ ಸೇನೆಗಳ ಡಿಜಿಎಂಒಗಳ (ಸೇನಾ ಕಾರ್ಯಾಚರಣೆಗಳ ಮುಖ್ಯಸ್ಥರ) ನಡುವೆ ಫೋನ್ ಇದೆ. 2025ರ ಮೇ 10ರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಒ ಕರೆ ಮಾಡಿದ ಮೇಲೆಯೇ ಅಂದು ಸಂಜೆ ಗುಂಡಿನ ಸದ್ದು ನಿಲ್ಲಿಸಲು ಒಪ್ಪಿದ್ದು. ನಮ್ಮ ಕೈ ಮೇಲಾಗಿದ್ದಾಗಲೂ ಆ ಫೋನ್ ಬೇಕಾಯಿತು. ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು ಎರಡೂ ದೇಶಗಳು 1988ರ ಡಿಸೆಂಬರ್ 31ರಂದು ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿ ವಿನಿಮಯವಾಗುತ್ತದೆ. ಕಾರ್ಗಿಲ್ ಆದರೂ, ಪುಲ್ವಾಮಾ ಆದರೂ ಅದು ತಪ್ಪಿಲ್ಲ.

ಅದು ಬಾಂಬಿನ ಕಾಲದಲ್ಲಿ ಬರೆದ ಒಪ್ಪಂದ. 2019ರಲ್ಲಿ ಕೂಡಂಕುಳಂ ಸ್ಥಾವರದ ಆಡಳಿತ ವಿಭಾಗದ ಒಂದು ಕಂಪ್ಯೂಟರಿನಲ್ಲಿ ದುಷ್ಟ ತಂತ್ರಾಂಶ ಸಿಕ್ಕಿದ್ದನ್ನು ಅಣುವಿದ್ಯುತ್ ನಿಗಮ ಒಪ್ಪಿಕೊಂಡಿತು. ಸ್ಥಾವರ ನಡೆಸುವ ವ್ಯವಸ್ಥೆಗೆ ಅದು ತಾಗಿರಲಿಲ್ಲ. ಆ ಒಪ್ಪಂದಕ್ಕೆ ಕಂಪ್ಯೂಟರ್ ಮೂಲಕ ನಡೆಸುವ ದಾಳಿಯನ್ನೂ ಸೇರಿಸಿ ಎಂಬುದು ನನ್ನ ಕೋರಿಕೆ. ಅಮೆರಿಕ–ರಷ್ಯಾ 2013ರಲ್ಲೇ ಸೈಬರ್ ಘಟನೆಗಳಿಗೆಂದು ನೇರ ಸಂಪರ್ಕ ಮಾಡಿಕೊಂಡವು. ವಿಶ್ವಸಂಸ್ಥೆ 2024ರಲ್ಲಿ ದೇಶದೇಶಗಳ ಸಂಪರ್ಕಾಧಿಕಾರಿಗಳ ಪಟ್ಟಿಯನ್ನು ಚಾಲೂ ಮಾಡಿದೆ. ಇಂಥ ಫೋನಿನಲ್ಲಿ ಆಡಬೇಕಾದ ಮಾತು ಸಣ್ಣದು: ‘ನಮ್ಮ ಇಂಥ ಜಾಲದಲ್ಲಿ ಇಂಥದ್ದು ನಡೆಯುತ್ತಿದೆ. ನಿಮ್ಮದೇ? ನಿಮ್ಮದಾದರೆ ನಿಲ್ಲಿಸಿ. ನಿಮ್ಮದಲ್ಲದಿದ್ದರೆ ಹೇಳಿ.’ ಅವರು ಸುಳ್ಳು ಹೇಳಬಹುದು. ಆದರೆ ಅವರ ಹತೋಟಿ ತಪ್ಪಿದ ಎಐ ಒಂದು ನಮ್ಮ ಜಾಲಕ್ಕೆ ಬಂದಿದ್ದು, ಅವರಿಗೇ ಅದು ತಿಳಿಯದಿದ್ದರೆ? ಆಗ ಆ ಫೋನಿಲ್ಲದೆ ಇಬ್ಬರೂ ಕುರುಡರು. ಚೀನಾ ಗಡಿಯಲ್ಲೂ ಸೇನಾ ಕಮಾಂಡರುಗಳ ಹಾಟ್‌ಲೈನುಗಳಿವೆ, ಸೈಬರಿಗೂ ಒಂದು ಇರಲಿ. ತುಪಾಕಿ ಹೆಗಲ ಮೇಲೆ ಇದ್ದುಕೊಂಡೇ ಫೋನ್ ಎತ್ತಬಹುದು ಎಂದು ಕೊಡಗಿನವರಿಗೆ ನಾನು ಹೇಳಿಕೊಡಬೇಕೇ?

ಆಂಟಿ, ನಾನು ಒಂಬತ್ತನೇ ತರಗತಿ. ಇಂಥ ಕೆಲಸ ಮಾಡಲು ಏನು ಓದಬೇಕು?
– ವಿದ್ಯಾರ್ಥಿನಿ, ಮಲ್ಲೇಶ್ವರಂ

ಪುಟ್ಟಿ, ಎರಡು ಕಾಲುಗಳ ಮೇಲೆ ನಿಲ್ಲಬೇಕು. ಕಂಪ್ಯೂಟರ್ ಜಾಲ ಕಲಿಸುವವರು ನಿಮ್ಮ ಬೀದಿಯಲ್ಲೇ ಸಿಗುತ್ತಾರೆ, ಎಲೆಕ್ಟ್ರಿಕಲ್ ಓದುವವರು ಕಡಿಮೆಯಾಗುತ್ತಿದ್ದಾರೆ. ರಿಲೇ, ಬ್ರೇಕರ್, ಪಂಪು ಹೇಗೆ ಕೆಲಸ ಮಾಡುತ್ತವೆ ಎಂದು ಬಲ್ಲವರಿಗೇ ಅವುಗಳ ಮೇಲಿನ ದಾಳಿಯೂ ಕಣ್ಣಿಗೆ ಬೀಳುತ್ತದೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೋ, ಆಮೇಲೆ ಎಲೆಕ್ಟ್ರಿಕಲ್ ಮಾಡು, ಜೊತೆಗೆ ಸೈಬರ್ ಭದ್ರತೆ ಕಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ನಿಮ್ಮ ಮನೆಯ ಹತ್ತಿರವೇ ಇದೆ, ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತಾರೆ, ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ ಹೈವೋಲ್ಟೇಜ್ ಪ್ರಯೋಗಾಲಯ ನೋಡಿ ಬಾ. ಗಣಿತ ಕಷ್ಟ ಎಂದು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯೆ. ನಿನ್ನ ಶಾಲೆಯ ಗಣಿತದ ಮೇಷ್ಟ್ರನ್ನು ಬಿಡಬೇಡ, ತರಗತಿ ಮುಗಿದ ಮೇಲೂ ಹೋಗಿ ಕೇಳು.

(ಬಿಲ್ಲಿನ ತಕರಾರುಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಮೀಟರಿನ ಫೋಟೊ ಕಳುಹಿಸುವವರು ದಯವಿಟ್ಟು ಅಂಕಿ ಕಾಣುವಂತೆ ತೆಗೆಯಿರಿ.)